ಇಟ್ಟಿಗೆನಾ, ಬ್ಲಾಕಾ, ಕೆಂಪುಕಲ್ಲಾ? ಗೋಡೆಗೆ ಯಾವುದು ಹಾಕ್ಸೋದು ಅಂತ ತಲೆ ಕೆಟ್ಟಿರೋರಿಗೆ

ಪಾಯ ಮುಗಿದು ಅದರ ಮೇಲಿನ ಪ್ಲಿಂತ್ ಬೀಮಿನ (ಗೋಡೆ ಕೂರೋ ಕಾಂಕ್ರೀಟ್ ಪಟ್ಟಿ) ಸೆಂಟ್ರಿಂಗ್ ಬಿಚ್ಚೋ ಹೊತ್ತಿಗೆ ಮೇಸ್ತ್ರಿ ಫೋನ್ ಬಂದೇ ಬರುತ್ತೆ. "ಸಾರ್, ಗೋಡೆಗೆ ಏನ್ ತರಿಸ್ತೀರಾ? ನಾಳಿದ್ದು ಬೆಳಗ್ಗೆ ಲೋಡ್ ಇಲ್ಲಿರ್ಬೇಕು." ಆಗ ಶುರುವಾಗುತ್ತೆ ನೋಡಿ ಮನೇಲಿ ಪಂಚಾಯ್ತಿ. ಅಪ್ಪ ಸುಟ್ಟ ಇಟ್ಟಿಗೆ ಬಿಟ್ಟು ಇನ್ನೊಂದಕ್ಕೆ ಒಪ್ಪಲ್ಲ, ಬೆಂಗಳೂರಿನ ಭಾವ ಎಎಸಿ ಅನ್ನೋ ಹಗುರ ಬಿಳಿ ಬ್ಲಾಕ್ ಹಾಕ್ಸಿ ಅಂತಾರೆ, ಮೇಸ್ತ್ರಿಗೆ ಸಿಮೆಂಟ್ ಬ್ಲಾಕ್ ಬಿಟ್ರೆ ಬೇರೆ ಗೊತ್ತಿಲ್ಲ, ಯೂಟ್ಯೂಬ್ ನೋಡಿದ ತಮ್ಮ ಮಣ್ಣಿನ ಬ್ಲಾಕ್ ಅಂತ ಕುಣೀತಾನೆ. ನಾನು ತುಮಕೂರಲ್ಲಿ 30x40 ಸೈಟಲ್ಲಿ ಮನೆ ಕಟ್ಟಿಸಿದಾಗ ಇದನ್ನೆಲ್ಲ ಅನುಭವಿಸಿದೀನಿ, ಪುತ್ತೂರು ಕಡೆ ಅಕ್ಕನ ಮನೆ ಕಟ್ಟೋವಾಗ ಇನ್ನೊಂದು ಸಲ ಪೂರ್ತಿ ಬೇರೆ ತರದ್ದು ನೋಡಿದೀನಿ. ಈಚೆಗೆ ಐದಾರು ಜನ ಇದನ್ನೇ ಕೇಳಿದ್ರು, ಅದಕ್ಕೆ ಒಂದೇ ಸಲ ಕೂತು ಬರೀತಿದೀನಿ.

ಮೊದಲೇ ಹೇಳ್ಬಿಡ್ತೀನಿ, ಯಾವುದು ಬೆಸ್ಟ್ ಅಂತ ಕೇಳಿದ್ರೆ ಉತ್ತರ ಇಲ್ಲ. ನಿಮ್ಮ ಮನೆಗೆ ಪಿಲ್ಲರ್ ಇದೆಯಾ, ನಿಮ್ಮೂರಲ್ಲಿ ಎಷ್ಟು ಮಳೆ, ನಿಮ್ಮ ಮೇಸ್ತ್ರಿ ಕೈಗೆ ಯಾವುದು ಒಗ್ಗಿದೆ, ಈ ಮೂರಕ್ಕೆ ಉತ್ತರ ಸಿಕ್ಕಿದ್ರೆ ಕೆಳಗೆ ಹೇಳೋ ಆರು ಐಟಮ್ಮಲ್ಲಿ ನಾಲ್ಕು ತಾನಾಗೇ ಹೊರಗೆ ಹೋಗುತ್ತೆ. ಉಳಿದ ಎರಡರಲ್ಲಿ ದುಡ್ಡು ನೋಡಿ ಆರಿಸ್ಕೊಳ್ಳೋದು, ಅಷ್ಟೇ.

ಅಳತೆಗೋಲು ಯಾವುದು

ಪಿಲ್ಲರ್ ವಿಷಯ ಮೊದಲು. ಪಿಲ್ಲರ್, ಬೀಮ್ ಹಾಕಿ ಕಟ್ಟೋ ಮನೇಲಿ ಮೋಲ್ಡಿನ (ಕಾಂಕ್ರೀಟ್ ಚಾವಣಿ) ಭಾರ ಎಲ್ಲ ಪಿಲ್ಲರ್ ಮೇಲೆ, ಗೋಡೆ ಬರೀ ಮರೆ ಇದ್ದಂಗೆ. ಅಲ್ಲಿ ಹಗುರ ಇದ್ದಷ್ಟೂ ಒಳ್ಳೇದು. ಪಿಲ್ಲರ್ ಇಲ್ದೆ ಗೋಡೆ ಮೇಲೇನೇ ಮೋಲ್ಡ್ ಕೂರಿಸೋ ಮನೆ ಆದ್ರೆ ಗೋಡೇನೇ ಮನೆ ಹೊರೋದು, ಅಲ್ಲಿ ಗಟ್ಟಿ ಮೊದಲು, ಮಿಕ್ಕಿದ್ದು ಆಮೇಲೆ. ಎಷ್ಟೋ ಜನ ಇದನ್ನ ಯೋಚನೆ ಮಾಡ್ದೆ ಪಕ್ಕದ ಮನೇಲಿ ಏನು ಹಾಕಿದಾರೋ ಅದನ್ನೇ ತರಿಸ್ತಾರೆ.

ಎರಡನೇದು ಮಳೆ ಬಿಸಿಲು. ಕರಾವಳೀಲಿ ವರ್ಷಕ್ಕೆ 3,500 ಮಿಲಿಮೀಟರ್ ದಾಟೋ ಮಳೆ ನಾಲ್ಕು ತಿಂಗಳು ಗೋಡೆಗೆ ಹೊಡೀತಾನೇ ಇರುತ್ತೆ, ಕಲಬುರಗಿ ರಾಯಚೂರು ಕಡೆ ಬೇಸಿಗೆ ಬಿಸಿಲು ಗೋಡೆ ಕಾಯಿಸುತ್ತೆ. ಎರಡೂ ಕಡೆಗೆ ಒಂದೇ ಮದ್ದು ನಡಿಯಲ್ಲ.

ಮೂರನೇದು ಮೇಸ್ತ್ರಿ. ಇದನ್ನ ಹಗುರಾಗಿ ತಗೋಬೇಡಿ, ಕೆಳಗೆ ಎಎಸಿ ಹತ್ರ ಬಂದಾಗ ಕಥೆ ಹೇಳ್ತೀನಿ.

ಆಮೇಲೆ ದುಡ್ಡು. ಇಲ್ಲೇ ಎಲ್ಲರೂ ಎಡವೋದು, ಒಂದು ಇಟ್ಟಿಗೆಗೆ ಇಷ್ಟು, ಒಂದು ಬ್ಲಾಕಿಗೆ ಇಷ್ಟು ಅಂತ ಹೋಲಿಸ್ತಾರೆ. ಸೈಜೇ ಬೇರೆ ಇದ್ಮೇಲೆ ಒಂದಕ್ಕೆ ಒಂದು ಹೋಲಿಸಿ ಏನು ಪ್ರಯೋಜನ? ನಾವು ಮನೇನ ಹೆಂಗೆ ಚದರದ ಲೆಕ್ಕದಲ್ಲಿ ಹೇಳ್ತೀವೋ ಹಂಗೇ ಗೋಡೇನೂ ಚದರದಲ್ಲಿ ಲೆಕ್ಕ ಹಾಕಿ, ಒಂದು ಚದರ ಅಂದ್ರೆ 100 ಚದರಡಿ ಗೋಡೆ. ಅದಕ್ಕೆ 9 ಇಂಚಿನ ಇಟ್ಟಿಗೆ ಗೋಡೆ ಆದ್ರೆ 900ರಿಂದ 1,000 ಇಟ್ಟಿಗೆ, 16x8 ಇಂಚಿನ ಸಿಮೆಂಟ್ ಬ್ಲಾಕ್ ಆದ್ರೆ ಸುಮಾರು 110, ಎಎಸಿ ಆದ್ರೆ 75, ಕೆಂಪುಕಲ್ಲು 120ರ ಹತ್ರ, ಮಣ್ಣಿನ ಬ್ಲಾಕ್ 350ರ ಆಸುಪಾಸು. ಇದಕ್ಕೆ ಒಡೆಯೋದು ಅಂತ ನೂರಕ್ಕೆ ಐದು ಸೇರಿಸಿ. ನಿಮ್ಮೂರಿನ ರೇಟಿಗೆ ಗುಣಿಸಿ, ಮೇಲೆ ಸಿಮೆಂಟು, ಎಂ-ಸ್ಯಾಂಡು, ಕಟ್ಟೋ ಕೂಲಿ, ಎರಡೂ ಕಡೆ ಪ್ಲಾಸ್ಟರಿಂಗ್, ಲಾರಿ ಬಾಡಿಗೆ ಎಲ್ಲ ಸೇರಿಸಿ ನೋಡಿ, ಆಗ ಬರೋದು ನಿಜವಾದ ಬೆಲೆ. ರೇಟು ನಾನು ಬರೆಯಲ್ಲ, ಬರೆದ್ರೆ ಮುಂದಿನ ತಿಂಗಳಿಗೆ ಸುಳ್ಳಾಗುತ್ತೆ, ತುಮಕೂರಿನ ರೇಟು ಕಾರವಾರಕ್ಕೆ ಆಗೋದೂ ಇಲ್ಲ.

ಸುಟ್ಟ ಇಟ್ಟಿಗೆ

ಅಪ್ಪಂದಿರ ಫೇವರಿಟ್, ಕಾರಣ ಇಲ್ದೆ ಅಲ್ಲ. ಚೆನ್ನಾಗಿ ಬೆಂದ ಇಟ್ಟಿಗೇಲಿ 9 ಇಂಚಿನ ಗೋಡೆ ಕಟ್ಟಿದ್ರೆ ಪಿಲ್ಲರ್ ಇಲ್ದೆ ಎರಡಂತಸ್ತು ಹೊರುತ್ತೆ, ಮೊಳೆ ಹೊಡಿದ್ರೆ ನಿಲ್ಲುತ್ತೆ, ವೈರಿಂಗ್‌ಗೆ ಕೊರೆದ್ರೂ ತಡ್ಕೊಳ್ಳುತ್ತೆ, ಯಾವ ಮೇಸ್ತ್ರಿಗೂ ಹೊಸದಾಗಿ ಕಲಿಸ್ಬೇಕಾಗಿಲ್ಲ. ಸಣ್ಣದಾಗಿರೋದ್ರಿಂದ ಬಾತ್‌ರೂಮು, ತಿರುವು, ಕಮಾನು, ಹಳೇ ಗೋಡೇಲಿ ತೂತು ಮುಚ್ಚೋದು ಇಂಥದ್ದಕ್ಕೆ ಇದನ್ನ ಮೀರಿಸೋದು ಇನ್ನೊಂದಿಲ್ಲ, ರಿನೋವೇಶನ್ ಮಾಡಿಸೋರು ಮನೇಗೆಲ್ಲ ಬ್ಲಾಕ್ ಹಾಕಿದ್ರೂ ಒಂದೈನೂರು ಇಟ್ಟಿಗೆ ತರಿಸಿಟ್ಕೊಂಡಿರಿ.

ತೊಂದರೆ ಅಂದ್ರೆ ಒಂದು, ಗೂಡಿಂದ ಗೂಡಿಗೆ ಕ್ವಾಲಿಟಿ ಬೇರೆ, ಒಂದೇ ಗೂಡಲ್ಲೂ ಬೆಂಕಿ ಹತ್ರ ಇದ್ದಿದ್ದು ಕಲ್ಲಾಗಿರುತ್ತೆ, ಅಂಚಲ್ಲಿದ್ದಿದ್ದು ಹಸಿ ಇರುತ್ತೆ. ಎರಡು, ಗಾರೆ ಜಾಸ್ತಿ ಕುಡಿಯುತ್ತೆ. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು, ಅಂದ್ರೆ ಒಂದಕ್ಕೆ ಆರು ಹಾಕಿದ್ರೆ ಒಂದು ಚದರ 9 ಇಂಚಿನ ಗೋಡೆಗೆ ಹೆಚ್ಚುಕಡಿಮೆ ಮೂರು ಮೂಟೆ ಸಿಮೆಂಟು, ಅದೇ 6 ಇಂಚಿನ ಬ್ಲಾಕ್ ಗೋಡೆಗೆ ಒಂದೇ ಮೂಟೆ ಸಾಕು. ಮೂರು, ಮಳೆಗಾಲದಲ್ಲಿ ಗೂಡು ನಿಲ್ಲಿಸ್ತಾರೆ, ಸ್ಟಾಕ್ ಇಟ್ಟೋರು ಹೇಳಿದ್ದೇ ರೇಟು. ಇಟ್ಟಿಗೆ ಅಂತ ಗಟ್ಟಿ ಮಾಡ್ಕೊಂಡಿದ್ರೆ ಬೇಸಿಗೇಲೇ ತರಿಸಿ ಟಾರ್ಪಲ್ ಹೊದಿಸಿಟ್ಬಿಡಿ.

ಪರೀಕ್ಷೆ ಸುಲಭ. ಎರಡನ್ನ ಒಂದಕ್ಕೊಂದು ತಾಕಿಸಿದ್ರೆ ಖಣ್ ಅನ್ಬೇಕು, ಎದೆ ಎತ್ತರದಿಂದ ಮಣ್ಣಿನ ಮೇಲೆ ಬಿಟ್ರೆ ಒಡೀಬಾರದು, ಉಗುರಲ್ಲಿ ಗೀರಿದ್ರೆ ಗೀಟು ಬೀಳ್ಬಾರದು. ಇನ್ನೊಂದು, ಒಣ ಇಟ್ಟಿಗೆ ತೂಗಿ, 24 ಗಂಟೆ ಬಕೆಟ್ಟಲ್ಲಿ ಮುಳುಗ್ಸಿ ಮತ್ತೆ ತೂಗಿ, ನೂರಕ್ಕೆ 20ಕ್ಕಿಂತ ಜಾಸ್ತಿ ಏರಬಾರದು. 3 ಕೆಜಿ ಇದ್ದಿದ್ದು 3.6 ದಾಟಿದ್ರೆ ಆ ಲೋಡ್ ವಾಪಸ್ ಕಳ್ಸಿ.

ಸಿಮೆಂಟ್ ಸಾಲಿಡ್ ಬ್ಲಾಕ್

ಬೆಂಗಳೂರು, ತುಮಕೂರು, ಕೋಲಾರ ಕಡೆ ಈಗ ಕಟ್ಟೋ ಬಾಡಿಗೆ ಮನೆಗಳಲ್ಲಿ ಹೆಚ್ಚಿನವು ಇದೇ. ಡಸ್ಟು, ಜಲ್ಲಿ, ಸಿಮೆಂಟು ಒತ್ತಿ ಮಾಡ್ತಾರೆ, 4, 6, 8 ಇಂಚು ದಪ್ಪದಲ್ಲಿ ಸಿಗುತ್ತೆ. ಚದರದ ಲೆಕ್ಕ ಹಾಕಿದ್ರೆ ನಮ್ಮ ಕಡೆ ಸಾಮಾನ್ಯವಾಗಿ ಎಲ್ಲಕ್ಕಿಂತ ಅಗ್ಗ ಬೀಳೋದು 6 ಇಂಚಿನ ಬ್ಲಾಕೇ. ಕೆಲಸ ಬೇಗ ಆಗುತ್ತೆ, ಜೊತೆಗೆ ಜಾಗ ಉಳಿಯುತ್ತೆ. 30x40 ಸೈಟಲ್ಲಿ ಸುತ್ತ ಬಿಟ್ಟು 26x35 ಮನೆ ಅಂತ ಇಟ್ಕೊಳ್ಳಿ, ಹೊರಗೋಡೆ ಸುತ್ತಳತೆ 122 ಅಡಿ, 9 ಇಂಚಿನ ಇಟ್ಟಿಗೆ ಬದಲು 6 ಇಂಚಿನ ಬ್ಲಾಕ್ ಹಾಕಿದ್ರೆ ಮಹಡಿಗೆ 30 ಚದರಡಿ ಒಳಗೆ ಸಿಗುತ್ತೆ. ಒಂದು ಸಣ್ಣ ಬಾತ್‌ರೂಮಿನಷ್ಟು ಜಾಗ ಅದು, ಸಣ್ಣ ಸೈಟಿನವರಿಗೆ ಕಮ್ಮಿ ಏನಲ್ಲ. ಪಿಲ್ಲರ್ ಇಲ್ದೆ ಕಟ್ಟೋರು ಮಾತ್ರ ಹೊರಗೋಡೆಗೆ 8 ಇಂಚಿಂದೇ ಹಾಕ್ಸಿ, ಲಿಂಟೆಲ್ ಮಟ್ಟದಲ್ಲಿ, ಅಂದ್ರೆ ಬಾಗಿಲು ಕಿಟಕಿ ತಲೆ ಮೇಲೆ, ಸುತ್ತ ಕಾಂಕ್ರೀಟ್ ಬ್ಯಾಂಡ್ ತಪ್ಪಿಸ್ಬೇಡಿ, 6 ಇಂಚಲ್ಲಿ ಆಗುತ್ತೆ ಬಿಡಿ ಅನ್ನೋ ಮಾತು ನಂಬೋ ಮುಂಚೆ ಇಂಜಿನಿಯರ್‌ನ ಒಂದು ಸಲ ಕೇಳಿ.

ಇದರ ದೊಡ್ಡ ಮೈನಸ್ ಸೆಕೆ. ಬ್ಲಾಕ್ ಬೆಳಗ್ಗೆಯಿಂದ ಬಿಸಿಲು ಕುಡಿದು ರಾತ್ರಿ ಒಳಗೆ ಬಿಡುತ್ತೆ. ನಮ್ಮನೆ ಪಶ್ಚಿಮದ ರೂಮಲ್ಲಿ ಏಪ್ರಿಲ್ಲಲ್ಲಿ ರಾತ್ರಿ ಹತ್ತು ಗಂಟೆಗೆ ಗೋಡೆಗೆ ಕೈ ಇಟ್ರೆ ಇನ್ನೂ ಬೆಚ್ಚಗೇ ಇರುತ್ತೆ, ನನ್ನ ಹೆಂಡತಿ ಅದಕ್ಕೆ ಒಲೆ ರೂಮು ಅಂತಾನೇ ಹೆಸರಿಟ್ಟಿದಾಳೆ. ಈಗ ಕಟ್ಟೋ ಹಂಗಿದ್ರೆ ಆ ಒಂದು ಗೋಡೆ ಮಾತ್ರ ಬೇರೆ ಹಾಕಿಸ್ತಿದ್ದೆ, ಇಲ್ಲಾ ಅಲ್ಲಿ ವಾರ್ಡ್‌ರೋಬು, ಮೆಟ್ಟಿಲು ತಂದು ಬಿಸಿಲಿಗೆ ಅಡ್ಡ ಕೊಡ್ತಿದ್ದೆ.

ಎರಡನೇದು ಬಿರುಕು. ಇದರಲ್ಲಿ ತಪ್ಪು ನನ್ನದೂ ಇದೆ. ಆರ್ಡರ್ ಕೊಟ್ಟ ಐದನೇ ದಿನಕ್ಕೆ ಲೋಡ್ ಬಂತು, ಬ್ಲಾಕ್ ಇನ್ನೂ ಕಪ್ಪಗೆ ತೇವ ಇತ್ತು, ಮೇಸ್ತ್ರಿ ಲೇಬರ್ ಖಾಲಿ ಕೂತಿದಾರೆ ಅಂತ ಅವಸರ ಮಾಡ್ದ, ನಾನು ಆಗ್ಲಿ ಅಂದ್ಬಿಟ್ಟೆ. ಮುಂದಿನ ಬೇಸಿಗೆಗೆ ಎರಡು ಗೋಡೇಲಿ ಮೆಟ್ಟಿಲು ಮೆಟ್ಟಿಲಾಗಿ ಬಿರುಕು. ಸಿಮೆಂಟ್ ಬ್ಲಾಕ್ ಒಣಗ್ತಾ ಒಣಗ್ತಾ ಸ್ವಲ್ಪ ಕುಗ್ಗುತ್ತೆ, ಅದು ಯಾರ್ಡಲ್ಲೇ ಕುಗ್ಗಿ ಮುಗೀಬೇಕು, ಗೋಡೆ ಆದ್ಮೇಲೆ ಕುಗ್ಗಿದ್ರೆ ಗೋಡೆ ಸೀಳುತ್ತೆ. ಸಿಮೆಂಟ್ ಬ್ಲಾಕಿಗೆ ಇರೋ ಭಾರತೀಯ ಮಾನದಂಡ ಐಎಸ್ 2185 ಪ್ರಕಾರ 14 ದಿನ ನೀರು ಹಾಕಿ ಕ್ಯೂರಿಂಗ್, ಆಮೇಲೆ ನಾಲ್ಕು ವಾರ ಒಣಗಿಸ್ಬೇಕು. ಅಷ್ಟು ದಿನ ಕಾಯೋ ಯಾರ್ಡು ಕಮ್ಮಿ, ಅದಕ್ಕೇ ಪಾಯ ಅಗೆಯೋ ದಿನಾನೇ ಅಡ್ವಾನ್ಸ್ ಕೊಟ್ಟು ನಿಮ್ಮ ಬ್ಲಾಕ್ ಮಾಡಿಸಿಟ್ಬಿಡಿ. ಕಟ್ಟೋವಾಗ ಬ್ಲಾಕನ್ನ ಇಟ್ಟಿಗೆ ತರ ನೆನೆಸೋದೂ ಬೇಡ, ಮೇಲ್ಮೈ ಒದ್ದೆ ಮಾಡಿದ್ರೆ ಸಾಕು. ಗಾರೆ ಒಂದಕ್ಕೆ ಆರು, ಸಿಮೆಂಟ್ ಜಾಸ್ತಿ ಹಾಕಿದ್ರೆ ಗಟ್ಟಿ ಅಂತ ಒಂದಕ್ಕೆ ಮೂರು ಹಾಕಿಸ್ಬೇಡಿ, ಗಾರೆ ಬ್ಲಾಕಿಗಿಂತ ಬಿರುಸಾದ್ರೆ ಒಡೆಯೋದು ಬ್ಲಾಕು.

ಎಎಸಿ ಬ್ಲಾಕ್

ಬಿಳಿ ಬ್ಲಾಕ್, ಲೈಟ್‌ವೇಯ್ಟ್ ಬ್ಲಾಕ್ ಅಂತಾರಲ್ಲ ಅದು. ಹಾರುಬೂದಿ, ಸಿಮೆಂಟು, ಸುಣ್ಣಕ್ಕೆ ಚೂರು ಅಲ್ಯೂಮಿನಿಯಂ ಪುಡಿ ಹಾಕಿ ಇಡ್ಲಿ ಹಿಟ್ಟಿನ ತರ ಉಬ್ಬಿಸಿ, ಕತ್ತರಿಸಿ, ಹಬೆಯಲ್ಲಿ ಒತ್ತಡದಲ್ಲಿ ಬೇಯಿಸ್ತಾರೆ. ಸ್ವೀಡನ್‌ನವರು 1920ರ ದಶಕದಲ್ಲಿ ಕಂಡುಹಿಡಿದಿದ್ದು, ಚಳಿ ದೇಶದಲ್ಲಿ ಬೆಚ್ಚಗಿರೋಕೆ ಮಾಡಿದ್ದು ನಮಗೆ ಸೆಕೆ ತಡಿಯೋಕೆ ಬಂತು. ನೀರಿಗೆ ಹಾಕಿದ್ರೆ ತೇಲುತ್ತೆ.

ತೂಕದ ಲೆಕ್ಕ ನೋಡಿ. ಒಂದು ಚದರ 9 ಇಂಚಿನ ಇಟ್ಟಿಗೆ ಗೋಡೆ ಸುಮಾರು 4 ಟನ್, 6 ಇಂಚಿನ ಸಾಲಿಡ್ ಬ್ಲಾಕ್ ಗೋಡೆ ಮೂರು ಟನ್‌ಗೆ ಹತ್ರ, 6 ಇಂಚಿನ ಎಎಸಿ ಗೋಡೆ ಒಂದೇ ಟನ್. ಹಳೇ ಮನೆ ಮೇಲೆ ಇನ್ನೊಂದು ಮಹಡಿ ಎಬ್ಬಿಸೋರಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕಾ? ಪಾಯ ತಡಿಯುತ್ತಾ ಅಂತ ಇಂಜಿನಿಯರ್ ನೋಡಲೇಬೇಕು, ಅದು ಬೇರೆ ಮಾತು. ಸೆಕೆ ವಿಷಯದಲ್ಲೂ ಅದೇ ದಪ್ಪದ ಇಟ್ಟಿಗೆಗಿಂತ ಮೂರ್ನಾಲ್ಕು ಪಟ್ಟು ಕಮ್ಮಿ ಶಾಖ ದಾಟಿಸುತ್ತೆ. ಆದ್ರೆ ಒಂದು ಮಾತು ನೆನಪಿಟ್ಕೊಳ್ಳಿ, ಮೇಲಿನ ಮಹಡೀಲಿ ಸೆಕೆ ಜಾಸ್ತಿ ಬರೋದು ಮೋಲ್ಡಿಂದ. ಗೋಡೆಗೆಲ್ಲ ಎಎಸಿ ಹಾಕಿ ಟೆರೇಸ್ ಬರಿದೇ ಬಿಟ್ರೆ ದುಡ್ಡು ಕೊಟ್ಟಿದ್ದಕ್ಕೆ ಅರ್ಧ ಲಾಭಾನೂ ಸಿಗಲ್ಲ.

ಈಗ ಮೇಸ್ತ್ರಿ ಕಥೆ. ಬೆಂಗಳೂರಲ್ಲಿ ನನ್ನ ಫ್ರೆಂಡ್ ಒಬ್ಬ ಒಳ್ಳೇ ಕಂಪನಿ ಎಎಸಿ ತರಿಸ್ದ, ಕಟ್ಟಿದ ಮೇಸ್ತ್ರಿ ಇಪ್ಪತ್ತು ವರ್ಷ ಇಟ್ಟಿಗೆ ಕಟ್ಟಿದೋನು. ಆತ ಸಾಯಂಕಾಲ ಪೈಪ್ ಹಿಡಿದು ಬ್ಲಾಕೆಲ್ಲ ತೊಪ್ಪೆ ಆಗೋ ಹಂಗೆ ನೆನೆಸ್ದ, ಮುಕ್ಕಾಲಿಂಚು ಗಾರೆ ಹಾಕಿ ಕಟ್ದ, ಮೇಲೆ ಒಂದಕ್ಕೆ ನಾಲ್ಕರ ದಪ್ಪ ಪ್ಲಾಸ್ಟರ್ ಬಳ್ದ. ಆರು ತಿಂಗಳಿಗೆ ಗೋಡೆ ತುಂಬ ಬಿರುಕಿನ ಜಿಲ್ಲಾ ನಕ್ಷೆ. ಬ್ಲಾಕ್ ಸರಿ ಇಲ್ಲ ಅಂತ ಎಲ್ಲರೂ ಬೈದ್ರು, ಬ್ಲಾಕ್ ಸರೀನೇ ಇತ್ತು. ಎಎಸಿನ ಅದರದ್ದೇ ಅಂಟಲ್ಲಿ ಎರಡು ಮೂರು ಮಿಲಿಮೀಟರ್ ಸಂದಲ್ಲಿ ಕಟ್ಬೇಕು, ಮೊದಲನೇ ವರಸೆ ಮಟ್ಟಗೋಲು ಇಟ್ಟು ಕೂರಿಸ್ಬೇಕು, ಕಿಟಕಿ ಕೆಳಗೆ ಮತ್ತೆ ಲಿಂಟೆಲ್ ಮಟ್ಟಕ್ಕೆ ಸಣ್ಣ ಕಾಂಕ್ರೀಟ್ ಪಟ್ಟಿ ಕೊಡ್ಬೇಕು, ಪಿಲ್ಲರಿಗೂ ಬ್ಲಾಕಿಗೂ ಸೇರೋ ಕಡೆ ಜಾಲರಿ ಹೊಡೀಬೇಕು, ಬೀಮ್ ಕೆಳಗಿನ ಸಂದು ಕೊನೇಗೆ ತುಂಬಬೇಕು. ಒಳಗಡೆ ಜಿಪ್ಸಮ್ ಪ್ಲಾಸ್ಟರ್ ಮಾಡಿದ್ರೆ ಕ್ಯೂರಿಂಗ್ ತಾಪತ್ರಯಾನೂ ಇಲ್ಲ, ಬಾತ್‌ರೂಮು, ಅಡುಗೆಮನೆ ಸಿಂಕ್ ಹತ್ರ ಮಾತ್ರ ಜಿಪ್ಸಮ್ ಬೇಡ. ಇಷ್ಟು ಗೊತ್ತಿರೋ ಟೀಮ್ ನಿಮ್ಮೂರಲ್ಲಿ ಸಿಗಲ್ಲ ಅಂದ್ರೆ ಎಎಸಿ ಆಸೆ ಬಿಟ್ಬಿಡಿ, ಬೇಜಾರು ಮಾಡ್ಕೋಬೇಡಿ.

ವಾಸಕ್ಕೆ ಬಂದ್ಮೇಲೆ ಇನ್ನೊಂದು. ಮೊಳೆ ಸಲೀಸಾಗಿ ಇಳಿಯುತ್ತೆ, ಸಲೀಸಾಗಿ ಕಿತ್ತೂ ಬರುತ್ತೆ. ಟಿವಿ, ಗೀಸರ್, ಅಡುಗೆಮನೆ ಮೇಲಿನ ಕಬೋರ್ಡು ಎಲ್ಲಿ ಬರುತ್ತೆ ಅಂತ ಮುಂಚೆನೇ ಗುರುತು ಮಾಡಿ ಅಲ್ಲಿಗೆ ಎಎಸಿಗೆ ಅಂತಾನೇ ಬರೋ ಉದ್ದ ಪ್ಲಗ್ಗು ಹಾಕ್ಸಿ. ಮತ್ತೆ ಇದು ಪಿಲ್ಲರ್ ಮನೆಗೆ ಮಾತ್ರ ಅಂತ ಇಟ್ಕೊಳ್ಳಿ.

ಕೆಂಪುಕಲ್ಲು

ಮಂಗಳೂರು ಕಡೆ ಕೆಂಪುಕಲ್ಲು, ತುಳುವಲ್ಲಿ ಮುರಕಲ್ಲ್, ಕುಮಟಾ ಭಟ್ಕಳ ಕಡೆ ಚಿರೆಕಲ್ಲು, ಸಾಗರದ ಕಡೆ ಜಂಬಿಟ್ಟಿಗೆ. ಬುಕಾನನ್ ಅನ್ನೋ ಬ್ರಿಟಿಷ್ ಡಾಕ್ಟರ್ ಟಿಪ್ಪು ಸತ್ತ ಮಾರನೇ ವರ್ಷ ಈ ಕಡೆಯೆಲ್ಲ ಸುತ್ತಿ, ಮಲಬಾರಲ್ಲಿ ಈ ಕಲ್ಲು ಕಡಿಯೋದು ನೋಡಿ, ಲ್ಯಾಟಿನ್‌ನಲ್ಲಿ ಇಟ್ಟಿಗೆ ಅನ್ನೋ ಪದದಿಂದ ಲ್ಯಾಟರೈಟ್ ಅಂತ ಹೆಸರಿಟ್ಟ, 1807ರ ಅವನ ಪುಸ್ತಕದಲ್ಲಿದೆ. ಮಲೆನಾಡಿನವರ ಜಂಬಿಟ್ಟಿಗೇಲೂ ಇಟ್ಟಿಗೆ ಇದೆ ನೋಡಿ.

ನೆಲದಿಂದ ಎತ್ತುವಾಗ ಮೆತ್ತಗಿರುತ್ತೆ, ಗಾಳಿ ಬಿಸಿಲಿಗೆ ಬಿಟ್ರೆ ಗಟ್ಟಿಯಾಗುತ್ತೆ. ಹಾಗಾಗಿ ತಕ್ಷಣ ಕಟ್ಟದೆ ಒಂದಷ್ಟು ತಿಂಗಳು ಪೇರಿಸಿಡೋದು ಹಳಬರ ಪದ್ಧತಿ, ಅಕ್ಕನ ಮಾವ ಒಂದು ಬೇಸಿಗೆ ಪೂರ್ತಿ ಅಂಗಳದಲ್ಲಿ ಇಟ್ಟಿದ್ರು. ಎಂಟಿಂಚು ದಪ್ಪದ ಗೋಡೆ, ಭಾರ ಹೊರುತ್ತೆ, ಒಳಗೆ ತಂಪು, ಹೊರಗೆ ಪ್ಲಾಸ್ಟರ್ ಮಾಡದೆ ಸಂದಿಗೆ ಮಾತ್ರ ಪಾಯಿಂಟಿಂಗ್ ಮಾಡಿದ್ರೆ ಆ ಬಣ್ಣಕ್ಕೆ ಪೇಂಟೇ ಬೇಡ. ಒಂದು ಕಡೆ ಪ್ಲಾಸ್ಟರಿಂಗ್ ಉಳಿದ್ರೆ ಚದರದ ಲೆಕ್ಕದಲ್ಲಿ ಎಷ್ಟು ಇಳಿಯುತ್ತೆ ಅಂತ ನೀವೇ ಹಾಕಿ ನೋಡಿ. ಆದ್ರೆ ಪ್ಲಾಸ್ಟರ್ ಬಿಡೋದಾದ್ರೆ ಸೂರು ಎರಡೂವರೆ ಮೂರಡಿ ಮುಂದೆ ಚಾಚಿರ್ಬೇಕು, ಮಳೆ ಹೊಡಿಯೋ ಪಶ್ಚಿಮದ ಗೋಡೆಗೆ ಪ್ಲಾಸ್ಟರ್ ಮಾಡಿಸೋದೇ ವಾಸಿ. ಬಾಕ್ಸ್ ತರ ಫ್ಲಾಟ್ ಡಿಸೈನ್ ಮನೆ ಮಾಡಿ ಬರೀ ಕೆಂಪುಕಲ್ಲು ಬಿಟ್ರೆ ಮೂರನೇ ಮಳೆಗಾಲಕ್ಕೆ ಒಳಗಡೆ ಪಾಚಿ ವಾಸನೆ ಗ್ಯಾರಂಟಿ.

ಕಲ್ಲು ಆರಿಸೋವಾಗ ಬಿಳಿ, ಹಳದಿ ಜೇಡಿಮಣ್ಣಿನ ಮಚ್ಚೆ ಜಾಸ್ತಿ ಇರೋದು ಬೇಡ, ಮಳೇಲಿ ಅದೇ ಮೊದಲು ಕರಗಿ ತೂತಾಗೋದು. ಘಟ್ಟದ ಮೇಲಿನವರು ಫೋಟೋ ನೋಡಿ ಆಸೆ ಪಟ್ಟು ತರಿಸ್ತಾರೆ, ಒಂದೊಂದು ಕಲ್ಲು 25-30 ಕೆಜಿ, ಲಾರಿ ಬಾಡಿಗೆ ಸೇರಿಸಿದ್ರೆ ಕರಾವಳಿಯ ಅಗ್ಗದ ಕಲ್ಲು ತುಮಕೂರಲ್ಲಿ ಶೋಕಿ ಆಗುತ್ತೆ. ಎದುರಿನ ಒಂದು ಗೋಡೆಗೆ ಮಾತ್ರ ಬೇಕಾದ್ರೆ ಹಾಕ್ಸಿ.

ಟೊಳ್ಳು ಜೇಡಿಮಣ್ಣಿನ ಬ್ಲಾಕ್

ಪೊರೋಥರ್ಮ್ ಅಂತ ಹೆಸರು ಕೇಳಿರ್ತೀರ, ಕುಣಿಗಲ್ಲಲ್ಲೇ ತಯಾರಾಗುತ್ತೆ. ಸುಟ್ಟ ಮಣ್ಣೇ, ಒಳಗೆ ತೂತುಗಳಿರೋದ್ರಿಂದ ಹಗುರ, ತಂಪು, ಎಎಸಿಗಿಂತ ನೀರು ಕುಡಿಯೋದು ಕಮ್ಮಿ, ಕುಗ್ಗಿ ಬಿರುಕು ಬಿಡೋದೂ ಕಮ್ಮಿ. ಅಡ್ಡ ತೂತಿನದ್ದು ಪಿಲ್ಲರ್ ಮನೆಗಷ್ಟೇ, ಭಾರ ಹೊರಲ್ಲ. ಸುತ್ತಿಗೆ ಉಳಿ ಹಿಡಿಯೋ ಎಲೆಕ್ಟ್ರಿಷಿಯನ್ ಬಂದ್ರೆ ಗೋಡೆ ಪುಡಿ ಪುಡಿ, ಕಟರ್ ಮೆಷಿನ್ನಲ್ಲೇ ಕೊರೀಬೇಕು. ಕುಣಿಗಲ್ ಸುತ್ತಮುತ್ತ ಇರೋರಿಗೆ ಪರವಾಗಿಲ್ಲ, ದೂರ ಹೋದಷ್ಟೂ ದಾರೀಲಿ ಒಡೆಯೋದು, ಬಾಡಿಗೆ ಎರಡೂ ಏರುತ್ತೆ.

ಮಣ್ಣಿನ ಬ್ಲಾಕ್

ತಮ್ಮನ ಆಸೆ ಸುಳ್ಳಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಐಐಎಸ್‌ಸಿಯಲ್ಲಿ 1974ರಲ್ಲಿ ಅಸ್ತ್ರ ಅಂತ ಒಂದು ವಿಭಾಗ ಶುರುವಾಗಿ, ಈ ಒತ್ತಿದ ಮಣ್ಣಿನ ಬ್ಲಾಕ್ ಮೇಲೆ ದಶಕಗಟ್ಟಲೆ ಕೆಲಸ ಮಾಡಿದಾರೆ, ಈ ತರ ಮನೆಗಳು ಬೆಂಗಳೂರಲ್ಲಿ ಬೇಕಾದಷ್ಟಿವೆ. ನಿಮ್ಮ ಸೈಟಲ್ಲಿ ತೆಗೆದ ಮಣ್ಣಿಗೆ ನೂರಕ್ಕೆ 7-8 ಭಾಗ ಸಿಮೆಂಟ್ ಸೇರಿಸಿ ಮೆಷಿನ್ನಲ್ಲಿ ಒತ್ತಿ, ಮೂರ್ನಾಲ್ಕು ವಾರ ನೆರಳಲ್ಲಿ ತೇವ ಮಾಡಿದ್ರೆ ಆಯ್ತು, ಸುಡೋ ಹಂಗಿಲ್ಲ. ಪ್ಲಾಸ್ಟರೂ ಬೇಡ, ಪೇಂಟೂ ಬೇಡ.

ಆದ್ರೆ ಎಲ್ಲ ಮಣ್ಣೂ ಆಗಲ್ಲ. ಒಂದು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು ಹಾಕಿ ಕುಲುಕಿ ರಾತ್ರಿ ಇಡಿ. ಬೆಳಗ್ಗೆ ಕೆಳಗೆ ಮರಳು ದಪ್ಪ ಪದರ ಆಗಿ ಮೇಲೆ ಜೇಡಿ ತೆಳ್ಳಗಿದ್ರೆ ಒಳ್ಳೇ ಲಕ್ಷಣ, ಜೇಡೀನೇ ಜಾಸ್ತಿ ಇದ್ರೆ ಡಸ್ಟ್ ಬೆರೆಸ್ಬೇಕು. ಎರೆಮಣ್ಣಿನ ಸೀಮೆಯವರು, ಗದಗ, ವಿಜಯಪುರ ಕಡೆ ಹೊಲದ ಮಣ್ಣು ನೆಚ್ಕೊಂಡು ಇದಕ್ಕೆ ಕೈ ಹಾಕ್ಬೇಡಿ, ನೆನೆದ್ರೆ ಉಬ್ಬಿ ಒಣಗಿದ್ರೆ ಬಾಯಿ ಬಿಡೋ ಮಣ್ಣದು. ಇನ್ನೊಂದು, ಬ್ಲಾಕ್ ಒತ್ತೋಕೆ, ಪೇರಿಸೋಕೆ ಜಾಗ ಬೇಕು, ಬೆಂಗಳೂರಿನ 20x30 ಸೈಟಲ್ಲಿ ಎಲ್ಲಿಂದ ತರ್ತೀರಾ? ತೋಟದ ಮನೆ ಕಟ್ಟೋರಿಗೆ, ಅವಸರ ಇಲ್ದೆ ಇರೋರಿಗೆ, ಸೂರು ಮುಂದೆ ಚಾಚಿ ಪ್ಲಿಂತ್ ಎರಡಡಿ ಎತ್ತರ ಇಡೋಕೆ ಒಪ್ಪೋರಿಗೆ ಇದರಷ್ಟು ಚಂದ ಇನ್ನೊಂದಿಲ್ಲ. ಕೂಲಿ ಉಳಿಯುತ್ತೆ ಅಂತ ಮಾತ್ರ ಅಂದ್ಕೋಬೇಡಿ, ಮೆಟೀರಿಯಲ್ಲಲ್ಲಿ ಉಳಿದಿದ್ದು ಕೂಲೀಲಿ ಹೋಗುತ್ತೆ.

ಹಂಗಾದ್ರೆ ನಿಮಗೆ ಯಾವುದು

ಬೆಂಗಳೂರು ತುಮಕೂರಲ್ಲಿ ಸಣ್ಣ ಸೈಟು, ಪಿಲ್ಲರ್ ಮನೆ, ಲೋನ್ ಟೈಟು, ಮೇಲೆ ಬಾಡಿಗೆಗೆ ಕೊಡೋದು ಅಂದ್ರೆ ಕಣ್ಣು ಮುಚ್ಚಿ 6 ಇಂಚಿನ ಸಾಲಿಡ್ ಬ್ಲಾಕ್, ಒಳಗೋಡೆಗೆ 4 ಇಂಚು, ಉಳಿದ ದುಡ್ಡಲ್ಲಿ ಟೆರೇಸಿಗೆ ಶಾಖ ತಡಿಯೋ ಟೈಲ್ಸ್ ಹಾಕ್ಸಿ. ಅದೇ ಮನೇಲಿ ನೀವೇ ಇರೋದು, ಪಶ್ಚಿಮ ಬಿಸಿಲು ಬೀಳುತ್ತೆ, ಒಂದಿಷ್ಟು ಜಾಸ್ತಿ ಆದ್ರೂ ಪರವಾಗಿಲ್ಲ ಅಂದ್ರೆ ಪಶ್ಚಿಮ, ದಕ್ಷಿಣ ಹೊರಗೋಡೆ ಮಾತ್ರ 8 ಇಂಚಿನ ಎಎಸಿ, ಮಿಕ್ಕಿದ್ದು ಸಾಲಿಡ್. ಎರಡು ಬೆರೆಸಬಾರದು ಅಂತ ಮೇಸ್ತ್ರಿ ಹೇಳ್ತಾನೆ. ಪಿಲ್ಲರ್ ಹತ್ರ ಬದಲಾಯಿಸಿ ಜಾಲರಿ ಹಾಕಿದ್ರೆ ಏನೂ ಆಗಲ್ಲ, ಒಂದೇ ಗೋಡೆ ನಡುವೆ ಮಾತ್ರ ಬದಲಾಯಿಸ್ಬೇಡಿ.

ಕರಾವಳಿಯವರು, ಮಲೆನಾಡಿನವರು ಹತ್ತಿರ ಒಳ್ಳೇ ಕಲ್ಲು ಸಿಗೋ ತನಕ ಬೇರೆ ಕಡೆ ನೋಡೋದೇ ಬೇಡ, ಕಲ್ಲು ತೆಗೆಯೋ ಪರ್ಮಿಟ್ ಗಲಾಟೆಯಾಗಿ ಸಪ್ಲೈ ನಿಂತ ವರ್ಷ ಸಿಕ್ಕಿಹಾಕ್ಕೊಂಡ್ರೆ ಎರಡನೇ ಆಯ್ಕೆ 8 ಇಂಚಿನ ಸಾಲಿಡ್ ಬ್ಲಾಕು. ಹಳ್ಳೀಲಿ ಪಿಲ್ಲರ್ ಇಲ್ದೆ ಒಂದಂತಸ್ತು ಕಟ್ಟೋರಿಗೆ ಹತ್ತಿರದ ಗೂಡಲ್ಲಿ ಒಳ್ಳೇ ಇಟ್ಟಿಗೆ ಇದ್ರೆ ಅಪ್ಪನ ಮಾತೇ ಸರಿ. ಹಳೇ ಮನೆ ಮೇಲೆ ಮಹಡಿ ಅಥವಾ ಮೋಲ್ಡ್ ಮೇಲೆ ಹೊಸ ಪಾರ್ಟಿಶನ್ ಗೋಡೆ, ಕೆಳಗೆ ಬೀಮ್ ಇಲ್ಲ ಅಂದ್ರೆ ಎಎಸಿ ಬಿಟ್ಟು ಬೇರೆ ಯೋಚನೇನೇ ಬೇಡ, ಅದಕ್ಕೂ ಇಂಜಿನಿಯರ್ ಹೂಂ ಅಂದ್ಮೇಲೆ.

ಇನ್ನು ಮೇಸ್ತ್ರಿ ಫೋನ್ ಬಂದ್ರೆ ನಾಳಿದ್ದಲ್ಲ, ಮುಂದಿನ ವಾರ ಅನ್ನಿ. ಆ ವಾರದಲ್ಲಿ ಎರಡು ಮೂರು ಯಾರ್ಡಿಗೆ ಹೋಗಿ ನೀವೇ ಎರಡೆರಡು ಪೀಸ್ ಡಿಕ್ಕೀಲಿ ಹಾಕ್ಕೊಂಡು ಬಂದು, ತೂಗಿ, ನೆನೆಸಿ ನೋಡಿ. ಇಟ್ಟಿಗೆಗೆ ನೂರಕ್ಕೆ 20, ಕೆಂಪುಕಲ್ಲಿಗೆ 12, ಸಾಲಿಡ್ ಬ್ಲಾಕಿಗೆ 10 ದಾಟ್ಬಾರದು. ಆರ್ಡರ್ ಕೊಟ್ಟ ಮೇಲೆ ಮೊದಲ ಲೋಡ್ ಬಂದಾಗ ಲಾರಿ ಹತ್ತಿ ನಡುವಿಂದ ನಾಲ್ಕು ಎತ್ತಿ ನೋಡಿ, ಒಳ್ಳೇದನ್ನ ಮೇಲೆ ಜೋಡಿಸಿರ್ತಾರೆ. ಬ್ಲಾಕ್ ಕಪ್ಪಗೆ ತೇವ ಇದ್ರೆ, ಲೇಬರ್ ಎಷ್ಟು ಜನ ಖಾಲಿ ಕೂತಿದ್ರೂ ಸರಿ, ಇಳಿಸೋಕೆ ಬಿಡ್ಬೇಡಿ.